ಸೆಲ್ಫ್ ತಿರುಗದಿದ್ದಾಗ: ಹಳೆಯ ಗಾಡಿಯ ಸ್ಟಾರ್ಟರ್ ಮೋಟಾರನ್ನು ಬಿಚ್ಚುವ ಮೊದಲು, ಬಿಚ್ಚಿದ ಮೇಲೆ

ಕಾಸರಗೋಡು ಜಿಲ್ಲೆಯ ಪೂರ್ವದ ಗುಡ್ಡಗಾಡಿನಲ್ಲಿ, ದೇಲಂಪಾಡಿ, ಬಂದಡ್ಕ, ಪಾಣತ್ತೂರು ಕಡೆಯ ಏರುರಸ್ತೆಗಳಲ್ಲೂ ಅಡಿಕೆ ತೋಟಗಳಿಗೆ ಇಳಿಯುವ ಕಚ್ಚಾ ದಾರಿಗಳಲ್ಲೂ ಹಳೆಯ ಜೀಪುಗಳು ಇನ್ನೂ ದುಡಿಯುತ್ತಿವೆ. ಗೊಬ್ಬರ, ಅಡಿಕೆ ಗೋಣಿ, ಕೆಲಸದವರು ಎಲ್ಲವನ್ನೂ ಹೊತ್ತು ಸಾಗುವ ಈ ಗಾಡಿಗಳ ಎಂಜಿನ್, ಕ್ಲಚ್, ಗೇರ್‌ಬಾಕ್ಸ್‌ಗಳ ಬಗ್ಗೆ ಮಾಲೀಕರಿಗೂ ಚಾಲಕರಿಗೂ ಒಳ್ಳೆಯ ತಿಳುವಳಿಕೆ ಇದೆ. ಆದರೆ ಎಲ್ಲರೂ ಸೆಲ್ಫ್ ಎಂದು ಕರೆಯುವ ಸ್ಟಾರ್ಟರ್ ಮೋಟಾರ್ ಕೈಕೊಟ್ಟಾಗ ಮಾತ್ರ ಆ ತಿಳುವಳಿಕೆ ನೆರವಿಗೆ ಬರುವುದಿಲ್ಲ. ಕೆಲವರು ಗಾಡಿಯನ್ನು ಇಳಿಜಾರಿನಲ್ಲೇ ನಿಲ್ಲಿಸಿ ಉರುಳಿಸಿ ಸ್ಟಾರ್ಟ್ ಮಾಡುತ್ತಾ ತಿಂಗಳುಗಟ್ಟಲೆ ಕಳೆಯುತ್ತಾರೆ. ಕೆಲವರು ಹೊಸ ಬ್ಯಾಟರಿ ಹಾಕಿಸುತ್ತಾರೆ. ಮತ್ತೆ ಕೆಲವರು ಏನನ್ನೂ ಪರೀಕ್ಷಿಸದೆ ಮೋಟಾರನ್ನೇ ಬದಲಾಯಿಸುತ್ತಾರೆ. ಈ ಮೂರರಲ್ಲಿ ಯಾವುದೂ ದೋಷವನ್ನು ಹುಡುಕುವ ದಾರಿಯಲ್ಲ. ಹಳೆಯ ಸ್ಟಾರ್ಟರ್ ಮೋಟಾರ್ ಪೂರ್ತಿಯಾಗಿ ಬಿಚ್ಚಿ ಜೋಡಿಸಬಹುದಾದ, ಸವೆಯುವ ಭಾಗಗಳನ್ನೆಲ್ಲ ಹೊಸದಾಗಿ ಹಾಕಬಹುದಾದ ಯಂತ್ರ. ಅದನ್ನು ಎಸೆಯಬೇಕಾದ ಪ್ರಸಂಗ ವಿರಳ. ಅದಕ್ಕೂ ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಬಹಳ ಸಲ ದೋಷ ಮೋಟಾರಿನ ಒಳಗೆ ಇರುವುದೇ ಇಲ್ಲ.

ಸ್ಟಾರ್ಟರ್ ಎನ್ನುವುದು ಸೀರೀಸ್ ವೈಂಡಿಂಗ್ ಇರುವ ಡಿ.ಸಿ. ಮೋಟಾರ್. ಹೊರಗಿನ ಕಬ್ಬಿಣದ ಕವಚದ ಒಳಮೈಯಲ್ಲಿ ಕಾಂತಬಲ ಹುಟ್ಟಿಸುವ ನಿಶ್ಚಲ ಸುರುಳಿಗಳು, ಅಂದರೆ ಫೀಲ್ಡ್ ಕಾಯಿಲ್‌ಗಳಿರುತ್ತವೆ. ಅವುಗಳ ಮೂಲಕ ಹಾದುಬಂದ ಅದೇ ವಿದ್ಯುತ್ತು, ತಿರುಗುವ ಭಾಗಕ್ಕೆ ಒರಸಿಕೊಂಡಿರುವ ತುಂಡುಗಳಾದ ಬ್ರಷ್‌ಗಳನ್ನು ದಾಟಿ, ಕಮ್ಯುಟೇಟರಿನ, ಅಂದರೆ ತಾಮ್ರದ ಪಟ್ಟಿಗಳ ಉರುಳೆಯ, ಮೂಲಕ ತಿರುಗುವ ಭಾಗವಾದ ಆರ್ಮೇಚರನ್ನು ಸೇರುತ್ತದೆ. ಈ ಜೋಡಣೆಯ ವಿಶೇಷವೇನೆಂದರೆ ಮೋಟಾರ್ ನಿಂತಿರುವಾಗಲೇ ಅದರ ತಿರುಚುವ ಬಲ ಅತಿ ಹೆಚ್ಚು. ತಿರುಗಲು ಆರಂಭಿಸಿದ ಮೋಟಾರ್ ತನ್ನೊಳಗೇ ಒಂದು ವಿರುದ್ಧ ವೋಲ್ಟೇಜನ್ನು ಹುಟ್ಟಿಸಿಕೊಂಡು ವಿದ್ಯುತ್ತನ್ನು ತಡೆಯುತ್ತದೆ. ನಿಂತಿರುವ ಮೋಟಾರಿನಲ್ಲಿ ಆ ತಡೆ ಇಲ್ಲದ್ದರಿಂದ ಬ್ಯಾಟರಿ ಮತ್ತು ವಯರುಗಳು ಎಷ್ಟು ಕೊಡಬಲ್ಲವೋ ಅಷ್ಟೂ ಹರಿಯುತ್ತದೆ. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ನನ್ನು ತಿರುಗಿಸುವಾಗ 12 ವೋಲ್ಟಿನ ಸ್ಟಾರ್ಟರ್ ಸುಮಾರು 150ರಿಂದ 200 ಆಂಪಿಯರ್ ಎಳೆಯುತ್ತದೆ, ಡೀಸೆಲ್ ಎಂಜಿನ್ನಿಗೆ 300ಕ್ಕಿಂತ ಹೆಚ್ಚು ಬೇಕಾಗುವುದು ಸಹಜ, ಮತ್ತು ಯಾವುದೇ ಕಾರಣಕ್ಕೆ ಮೋಟಾರ್ ಬಿಗಿದು ನಿಂತರೆ ಈ ಅಂಕಿ ಇನ್ನೂ ಬಹಳ ಮೇಲೇರುತ್ತದೆ. ಮನೆಯ ಮಿಕ್ಸಿಗೆ ಹೋಗುವ ವಿದ್ಯುತ್ತು ನಾಲ್ಕೈದು ಆಂಪಿಯರನ್ನೂ ಮೀರುವುದಿಲ್ಲ ಎಂಬುದನ್ನು ನೆನೆದರೆ ಇಲ್ಲಿಯ ಪ್ರಮಾಣ ಅರ್ಥವಾಗುತ್ತದೆ.

ಮೋಟಾರಿನ ತುದಿಯ ಸಣ್ಣ ಹಲ್ಲುಚಕ್ರವಾದ ಪಿನಿಯನ್‌ಗೆ ಹಲ್ಲುಗಳು ಒಂಬತ್ತೋ ಹತ್ತೋ ಇದ್ದರೆ, ಅದು ಕಚ್ಚಿ ತಿರುಗಿಸುವ, ಎಂಜಿನ್ನಿನ ಫ್ಲೈವೀಲಿನ ಸುತ್ತಲಿನ ರಿಂಗ್ ಗೇರಿಗೆ ನೂರರಿಂದ ನೂರಮೂವತ್ತರ ಆಸುಪಾಸು. ಆದ್ದರಿಂದ ಎಂಜಿನ್ ಒಂದು ಸುತ್ತು ತಿರುಗಬೇಕಾದರೆ ಮೋಟಾರ್ ಹತ್ತರಿಂದ ಹದಿನೈದು ಸುತ್ತು ತಿರುಗುತ್ತದೆ, ಬಲವೂ ಅಷ್ಟೇ ಪಟ್ಟು ಹೆಚ್ಚಾಗಿ ಎಂಜಿನ್ನಿಗೆ ದೊರೆಯುತ್ತದೆ. ಬ್ಯಾಟರಿಯಿಂದ ಎಳೆದ ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಮಾತ್ರ ಎಂಜಿನ್ ತಿರುಗಿಸಲು ಬಳಕೆಯಾಗುತ್ತದೆ. ಉಳಿದದ್ದು ಶಾಖವಾಗಿ ಒಳಗೇ ಉಳಿಯುತ್ತದೆ. ಈ ಮೋಟಾರಿಗೆ ಫ್ಯಾನ್ ಇಲ್ಲ, ಗಾಳಿಯಾಡುವ ವ್ಯವಸ್ಥೆಯೂ ಇಲ್ಲ. ಒಮ್ಮೆಗೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಹೊತ್ತು ಸೆಲ್ಫ್ ಹೊಡೆಯಬಾರದು, ಮತ್ತೆ ಹೊಡೆಯುವ ಮೊದಲು ಒಂದೆರಡು ನಿಮಿಷ ಬಿಡಬೇಕು ಎಂಬ ನಿಯಮಕ್ಕೆ ಕಾರಣ ಇದೇ.

ಕಾರಿಗೆ ಇಂಥ ಮೋಟಾರನ್ನು ಯಶಸ್ವಿಯಾಗಿ ಅಳವಡಿಸಿದವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್. 1912ರ ಕ್ಯಾಡಿಲಾಕ್ ಕಾರಿನಲ್ಲಿ ಅದು ಬಂತು. ಅಲ್ಲಿಂದ ಮುಂದೆ ಈ ಯಂತ್ರ ಅತಿ ಕಠಿಣ ಪರೀಕ್ಷೆಗೆ ಒಳಗಾದದ್ದು ಹಿಮದ ನಾಡುಗಳಲ್ಲಿ. ಬ್ರಿಟಿಷ್ ಅನ್ವೇಷಕ ವಿವಿಯನ್ ಫುಕ್ಸ್ ಅವರ ತಂಡ 1957ರ ನವೆಂಬರ್ 24ರಿಂದ 1958ರ ಮಾರ್ಚ್ 2ರವರೆಗೆ, 99 ದಿನಗಳಲ್ಲಿ, ಅಂಟಾರ್ಕ್ಟಿಕಾ ಖಂಡವನ್ನು ದಾಟಿದಾಗ ಕೊನೆಯವರೆಗೂ ಜೊತೆಗಿದ್ದದ್ದು ನಾಲ್ಕು ಟಕರ್ ಸ್ನೋ-ಕ್ಯಾಟ್ ವಾಹನಗಳು, ಅಂದರೆ ಚಕ್ರಗಳ ಬದಲು ಪಟ್ಟಿಗಳ ಮೇಲೆ ಹಿಮದಲ್ಲಿ ಸಾಗುವ ಗಾಡಿಗಳು. ಅದೇ ಯಾತ್ರೆಯ ಇನ್ನೊಂದು ತಂಡದಲ್ಲಿ ಎಡ್ಮಂಡ್ ಹಿಲರಿ ಪಟ್ಟಿ ಜೋಡಿಸಿದ ಫರ್ಗ್ಯುಸನ್ ಟಿ.ಇ. 20 ಟ್ರ್ಯಾಕ್ಟರುಗಳಲ್ಲಿ 1958ರ ಜನವರಿ 4ರಂದು ದಕ್ಷಿಣ ಧ್ರುವವನ್ನು ತಲಪಿದರು. ಹೊಲ ಉಳಲು ಮಾಡಿದ ಆ ಟ್ರ್ಯಾಕ್ಟರಿನಲ್ಲಿ ಸೆಲ್ಫಿಗೆ ಬೇರೆ ಗುಂಡಿಯಿಲ್ಲ. ಗೇರ್ ಲಿವರನ್ನೇ ‘ಎಸ್’ ಎಂಬ ಸ್ಥಾನಕ್ಕೆ ತಂದಾಗ ಮಾತ್ರ ಸ್ಟಾರ್ಟರ್ ತಿರುಗುತ್ತದೆ. ಗೇರಿನಲ್ಲಿರುವ ಟ್ರ್ಯಾಕ್ಟರನ್ನು ಸ್ಟಾರ್ಟ್ ಮಾಡುವ ಅವಕಾಶವೇ ಚಾಲಕನಿಗೆ ಸಿಗುವುದಿಲ್ಲ. ಗೇರಿನಲ್ಲಿದ್ದ ಗಾಡಿ ಸೆಲ್ಫ್ ಹೊಡೆದೊಡನೆ ಮುಂದಕ್ಕೆ ನುಗ್ಗಿ ಆಗುವ ಅಪಾಯವನ್ನು ಬಲ್ಲವರಿಗೆ ಈ ಸರಳ ಏರ್ಪಾಡಿನ ಬೆಲೆ ಗೊತ್ತು.

ಹಿಮದ ನಾಡಿನಲ್ಲಿ ಸ್ಟಾರ್ಟರಿಗೆ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ. ಎಂಜಿನ್ ಆಯಿಲ್ ಗಟ್ಟಿಯಾಗಿ ಎಂಜಿನ್ ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ. ಅದೇ ಹೊತ್ತಿಗೆ ಚಳಿಯಿಂದ ಬ್ಯಾಟರಿಯ ರಾಸಾಯನಿಕ ಕ್ರಿಯೆ ಮಂದವಾಗಿ, ಮೈನಸ್ 18 ಡಿಗ್ರಿಯಲ್ಲಿ ಅದು ಕೊಡಬಲ್ಲ ಶಕ್ತಿ ನಮ್ಮ ಊರಿನ ಹವೆಯಲ್ಲಿ ಕೊಡುವುದರ ಅರ್ಧಕ್ಕೂ ಕಡಿಮೆಯಾಗುತ್ತದೆ. ಬ್ಯಾಟರಿಯ ಮೇಲೆ ಸಿ.ಸಿ.ಎ. (ಚಳಿಯಲ್ಲಿ ಎಂಜಿನ್ ತಿರುಗಿಸಲು ಕೊಡಬಲ್ಲ ಆಂಪಿಯರ್) ಎಂದು ಮುದ್ರಿಸಿದ ಅಂಕಿಯನ್ನು ಅಳೆಯುವುದು ಇದೇ ಮೈನಸ್ 18 ಡಿಗ್ರಿಯಲ್ಲಿ: 30 ಸೆಕೆಂಡು ಆ ಆಂಪಿಯರ್ ಕೊಟ್ಟ ಮೇಲೂ 12 ವೋಲ್ಟಿನ ಬ್ಯಾಟರಿ 7.2 ವೋಲ್ಟಿಗಿಂತ ಕೆಳಗಿಳಿಯಬಾರದು. ಕಾಸರಗೋಡಿನಲ್ಲಿ ಈ ಕಷ್ಟ ಯಾವುದೂ ಇಲ್ಲ. ನಮ್ಮ ಗಾಡಿಗಳ ವೈರಿಗಳು ಬೇರೆ: ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಸುರಿಯುವ ಮಳೆ, ಮಂಜೇಶ್ವರ, ಉಪ್ಪಳ, ಕುಂಬಳೆಯಂಥ ಕಡಲಕರೆಯ ಊರುಗಳ ಉಪ್ಪುಗಾಳಿ, ಬೇಸಗೆಯಲ್ಲಿ ಎಲ್ಲ ಸಂದಿಗೂ ನುಗ್ಗುವ ಕೆಂಪು ಧೂಳು. ಅಲ್ಲಿ ಚಳಿ ಸ್ಟಾರ್ಟರನ್ನು ಸೋಲಿಸಿದರೆ ಇಲ್ಲಿ ತುಕ್ಕು ಸೋಲಿಸುತ್ತದೆ, ಮತ್ತು ತುಕ್ಕು ಮೊದಲು ಹಿಡಿಯುವುದು ಮೋಟಾರಿಗಲ್ಲ, ಅದಕ್ಕೆ ವಿದ್ಯುತ್ತು ತರುವ ದಾರಿಗೆ.

ಇದನ್ನು ಒಂದು ಲೆಕ್ಕದಿಂದ ನೋಡಬಹುದು. ಬ್ಯಾಟರಿ ಟರ್ಮಿನಲ್ಲಿನ ಕ್ಲ್ಯಾಂಪ್ ಸಡಿಲವಾಗಿಯೋ ಕೊಳೆತೋ ಅಲ್ಲಿ ಒಂದು ಓಮ್‌ನ ನೂರನೇ ಒಂದು ಭಾಗದಷ್ಟು ಅಡ್ಡಿ ಉಂಟಾಗಿದೆ ಎಂದುಕೊಳ್ಳೋಣ. ಸಾಮಾನ್ಯ ಮಲ್ಟಿಮೀಟರಿನ ಓಮ್ ಅಳತೆಯಲ್ಲಿ ಇದು ಕಾಣಿಸುವುದೂ ಇಲ್ಲ. ಹೆಡ್‌ಲೈಟ್ ಹೊತ್ತಿಸಿದರೆ ಹತ್ತು ಆಂಪಿಯರಿಗೆ ಅಲ್ಲಿ ನಷ್ಟವಾಗುವುದು ಒಂದು ವೋಲ್ಟಿನ ಹತ್ತನೇ ಒಂದು ಭಾಗ. ದೀಪ ಪ್ರಕಾಶಮಾನವಾಗಿಯೇ ಉರಿಯುತ್ತದೆ, ಹಾರ್ನ್ ಜೋರಾಗಿಯೇ ಕೂಗುತ್ತದೆ. ಆದರೆ ಸೆಲ್ಫ್ ಹೊಡೆದು 200 ಆಂಪಿಯರ್ ಹರಿದಾಗ ಅದೇ ಜಾಗದಲ್ಲಿ 2 ವೋಲ್ಟ್ ನಷ್ಟವಾಗಿ, 400 ವಾಟಿನಷ್ಟು ಶಾಖ ಹುಟ್ಟುತ್ತದೆ. ‘ಲೈಟು ಚೆನ್ನಾಗಿ ಉರಿಯುತ್ತದೆ, ಹಾಗಾಗಿ ಬ್ಯಾಟರಿಯ ಕಡೆ ತೊಂದರೆಯಿಲ್ಲ, ಸೆಲ್ಫೇ ಹೋಗಿದೆ’ ಎಂಬ ತೀರ್ಮಾನ ತಪ್ಪುವುದು ಇಲ್ಲಿಯೇ. ಕೈಯಿಂದ ಮುಟ್ಟಿ ನೋಡುವುದೂ ಒಂದು ಪರೀಕ್ಷೆ: ಎರಡು ಮೂರು ಸಲ ಸೆಲ್ಫ್ ಹೊಡೆದ ಮೇಲೆ ಯಾವ ಕ್ಲ್ಯಾಂಪ್ ಅಥವಾ ಲಗ್ (ವಯರಿನ ತುದಿಯ ಲೋಹದ ಹಿಡಿ) ಬಿಸಿಯಾಗಿದೆಯೋ ದೋಷ ಅಲ್ಲಿದೆ.

ಬ್ಯಾಟರಿ ಕ್ಲ್ಯಾಂಪಿನ ಸುತ್ತ, ತಾಮ್ರದ ವಯರು ಲಗ್ಗಿನೊಳಗೆ ಹೋಗುವ ಜಾಗದಲ್ಲಿ, ನೀಲಿ ಹಸಿರು ಪುಡಿ ಕಟ್ಟಿಕೊಂಡಿರುವುದನ್ನು ಎಲ್ಲರೂ ನೋಡಿರುತ್ತಾರೆ. ಬ್ಯಾಟರಿಯ ಗಂಧಕಾಮ್ಲದ ಆವಿ ತಾಮ್ರದ ಎಳೆಗಳನ್ನು ತಿಂದು ಉಂಟಾಗುವ ಈ ಪುಡಿಯಲ್ಲಿ ಮುಖ್ಯವಾಗಿ ಇರುವುದು ಕಾಪರ್ ಸಲ್ಫೇಟ್, ಅಂದರೆ ಅಡಿಕೆಗೆ ಕೊಳೆರೋಗ ಬಾರದಂತೆ ಸುಣ್ಣದ ಜೊತೆ ಬೆರೆಸಿ ಬೋರ್ಡೋ ದ್ರಾವಣ ಮಾಡುವ ಅದೇ ಮೈಲುತುತ್ತು. ಮೇಲೆ ಕಾಣುವುದನ್ನು ಬಿಸಿನೀರು ಹಾಕಿ ತೊಳೆದರೆ ಹೋಗುತ್ತದೆ. ಆದರೆ ರಬ್ಬರ್ ಹೊದಿಕೆಯ ಒಳಗೆ ಎಳೆಗಳು ಎಷ್ಟು ದೂರದವರೆಗೆ ಸತ್ತಿವೆ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ. ಹೊದಿಕೆಯನ್ನು ಒಂದಿಂಚು ಸುಲಿದು ನೋಡಬೇಕು; ಎಳೆಗಳು ಕಪ್ಪಾಗಿ, ಬೆರಳಿನಲ್ಲಿ ಉಜ್ಜಿದರೆ ಪುಡಿಯಾಗುವಂತಿದ್ದರೆ ಆ ವಯರನ್ನು ಪೂರ್ತಿ ಬದಲಿಸುವುದೇ ಸರಿ. ಹೊಸ ಮೋಟಾರಿನ ಬೆಲೆಯ ಮುಂದೆ ಈ ವಯರಿನ ಬೆಲೆ ಏನೇನೂ ಅಲ್ಲ.

ಅಳತೆ ಮಾಡಿ ನೋಡುವ ಕ್ರಮ ಹೀಗಿದೆ. ಗೇರನ್ನು ನ್ಯೂಟ್ರಲ್‌ಗೆ ತಂದು ಹ್ಯಾಂಡ್ ಬ್ರೇಕ್ ಹಾಕಬೇಕು. ಎಂಜಿನ್ ಸ್ಟಾರ್ಟ್ ಆಗದೆ ಬರಿದೆ ತಿರುಗುವಂತೆ, ಪೆಟ್ರೋಲ್ ಗಾಡಿಯಾದರೆ ಇಗ್ನಿಷನ್ ಕಾಯಿಲಿಗೆ ಬರುವ ಸಣ್ಣ ವಯರನ್ನು ಬಿಡಿಸಬೇಕು, ಡೀಸೆಲ್ ಗಾಡಿಯಾದರೆ ನಿಲ್ಲಿಸುವ ನಾಬನ್ನು ಎಳೆದು ಹಿಡಿಯಬೇಕು. ಮೀಟರನ್ನು ಡಿ.ಸಿ. ವೋಲ್ಟಿನಲ್ಲಿಟ್ಟು, ಮೊದಲು ಬ್ಯಾಟರಿಯ ಎರಡು ಸೀಸದ ಕಂಬಗಳ ಮೇಲೆಯೇ, ಕ್ಲ್ಯಾಂಪಿನ ಮೇಲಲ್ಲ, ಕಡ್ಡಿಗಳನ್ನು ಇಟ್ಟು ನೋಡಬೇಕು. ಸುಮ್ಮನಿರುವಾಗ ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.2ಕ್ಕೆ ಬಂದಿದ್ದರೆ ಅರ್ಧ ಖಾಲಿಯಾಗಿದೆ ಎಂದರ್ಥ, ಮೊದಲು ಚಾರ್ಜ್ ಮಾಡಿಸಿಯೇ ಮುಂದಿನ ಮಾತು. ಸೆಲ್ಫ್ ಹೊಡೆಯುತ್ತಿರುವಾಗ ಅದು 9.6 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಬಳಿಕ ಒಂದು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್ ಕಂಬದ ಮೇಲೂ ಇನ್ನೊಂದನ್ನು ಸ್ಟಾರ್ಟರಿನ ದಪ್ಪ ಬೋಲ್ಟಿನ ಮೇಲೂ ಇಟ್ಟು ಸೆಲ್ಫ್ ಹೊಡೆಸಬೇಕು. ಈಗ ಮೀಟರ್ ತೋರಿಸುವುದು ದಾರಿಯಲ್ಲಿ ನಷ್ಟವಾದ ವೋಲ್ಟೇಜನ್ನು. ಅದು ಅರ್ಧ ವೋಲ್ಟನ್ನು ಮೀರಬಾರದು. ಅದೇ ರೀತಿ ನೆಗೆಟಿವ್ ಕಂಬಕ್ಕೂ ಸ್ಟಾರ್ಟರಿನ ಮೈಗೂ ಇಟ್ಟು ನೋಡಿದರೆ 0.2 ಅಥವಾ 0.3 ವೋಲ್ಟಿನೊಳಗೆ ಇರಬೇಕು. ಮೀರಿದ್ದರೆ ಕಡ್ಡಿಯನ್ನು ಒಂದೊಂದೇ ಜೋಡಣೆ ದಾಟಿಸುತ್ತಾ ಹೋದಂತೆ ದೋಷದ ಜಾಗ ತಾನಾಗಿ ಸಿಗುತ್ತದೆ.

ನೆಗೆಟಿವ್ ಕಡೆಯ ಪರೀಕ್ಷೆಯನ್ನು ಯಾರೂ ಬಿಡಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ಎಂಜಿನ್ ಕೂತಿರುವುದು ರಬ್ಬರಿನ ಮೌಂಟಿಂಗ್ ಮೇಲೆ. ಸ್ಟಾರ್ಟರಿಗೆ ಹೋದ ಇನ್ನೂರು ಆಂಪಿಯರೂ ಎಂಜಿನ್ನಿನಿಂದ ಚಾಸಿಗೆ ಮರಳಬೇಕಾದರೆ ಅವೆರಡನ್ನೂ ಜೋಡಿಸುವ ಹೆಣೆದ ತಾಮ್ರದ ಪಟ್ಟಿಯೊಂದೇ ದಾರಿ. ಕೆಸರು, ಎಣ್ಣೆ, ತುಕ್ಕುಗಳ ನಡುವೆ ಇರುವ ಆ ಪಟ್ಟಿ ಕಡಿದುಹೋಗಿದ್ದರೆ ವಿದ್ಯುತ್ತು ಸುಮ್ಮನೆ ನಿಲ್ಲುವುದಿಲ್ಲ, ಚೋಕ್ ಕೇಬಲ್ ಅಥವಾ ಆಕ್ಸಿಲರೇಟರ್ ಕೇಬಲ್ ಮೂಲಕ ದಾರಿ ಹುಡುಕುತ್ತದೆ. ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ ಬಿಸಿಯಾಗುತ್ತದೆ ಅಥವಾ ಹೊಗೆಯಾಡುತ್ತದೆ ಎಂದರೆ ಮೊದಲು ನೋಡಬೇಕಾದದ್ದು ಈ ಪಟ್ಟಿಯನ್ನು.

ಈ ಅಳತೆಗಳನ್ನು ಒಟ್ಟಿಗೆ ಓದುವುದರಲ್ಲಿಯೇ ರೋಗನಿರ್ಣಯ ಇದೆ. ಬ್ಯಾಟರಿಯ ವೋಲ್ಟೇಜ್ ಚೆನ್ನಾಗಿಯೇ ನಿಂತು, ದಾರಿಯಲ್ಲಿ ನಷ್ಟವೂ ಇಲ್ಲದೆ, ಮೋಟಾರ್ ಮಾತ್ರ ನಿಧಾನವಾಗಿ ತಿರುಗಿದರೆ ಅದರೊಳಗೆ ವಿದ್ಯುತ್ತು ಸರಿಯಾಗಿ ಹರಿಯುತ್ತಿಲ್ಲ. ಬ್ರಷ್ ಸವೆದಿದೆ ಅಥವಾ ಕಮ್ಯುಟೇಟರ್ ಕೊಳೆಯಾಗಿದೆ. ಚಾರ್ಜ್ ತುಂಬಿದ ಒಳ್ಳೆಯ ಬ್ಯಾಟರಿಯೂ ಸೆಲ್ಫ್ ಹೊಡೆದಾಗ ಎಂಟು ವೋಲ್ಟಿಗೆ ಕುಸಿದರೆ ಮೋಟಾರ್ ಬೇಕಾದ್ದಕ್ಕಿಂತ ಹೆಚ್ಚು ಎಳೆಯುತ್ತಿದೆ. ಆರ್ಮೇಚರಿನ ಶಾಫ್ಟನ್ನು ಹಿಡಿದಿರುವ ಬುಶ್ ಸವೆದು ಆರ್ಮೇಚರ್ ಫೀಲ್ಡಿಗೆ ಉಜ್ಜುತ್ತಿರಬಹುದು, ವೈಂಡಿಂಗ್ ಶಾರ್ಟ್ ಆಗಿರಬಹುದು, ಇಲ್ಲವೇ ಎಂಜಿನ್ನೇ ಬಿಗಿಯಾಗಿರಬಹುದು. ಸದ್ದು ಕೂಡ ಕೆಲವನ್ನು ಹೇಳುತ್ತದೆ. ಸೊಲನಾಯ್ಡ್, ಅಂದರೆ ಮೋಟಾರಿಗೆ ವಿದ್ಯುತ್ತು ಕೂಡಿಸುವ ವಿದ್ಯುತ್ಕಾಂತದ ಸ್ವಿಚ್, ಇರುವ ಗಾಡಿಯಲ್ಲಿ ಕೀ ತಿರುಗಿಸಿದಾಗ ‘ಟಕ್ ಟಕ್ ಟಕ್’ ಎಂದು ಬಿಡದೆ ಬಡಿಯುತ್ತಿದ್ದರೆ ವೋಲ್ಟೇಜ್ ಸಾಲುತ್ತಿಲ್ಲ. ಸೊಲನಾಯ್ಡಿನೊಳಗೆ ಎಳೆಯುವ ಕಾಯಿಲ್ ಒಂದು, ಹಿಡಿದಿಡುವ ಕಾಯಿಲ್ ಇನ್ನೊಂದು ಇರುತ್ತವೆ. ಮುಖ್ಯ ಸಂಪರ್ಕ ಕೂಡಿದೊಡನೆ ಎಳೆಯುವ ಕಾಯಿಲಿಗೆ ವಿದ್ಯುತ್ತು ನಿಂತು, ಹಿಡಿದಿಡುವ ಸಣ್ಣ ಕಾಯಿಲ್ ಒಂದೇ ಉಳಿಯುತ್ತದೆ. ಆ ಕ್ಷಣದಲ್ಲಿ ಮೋಟಾರಿನ ಭಾರಕ್ಕೆ ವೋಲ್ಟೇಜ್ ಕುಸಿದರೆ ಅದು ಕೈಬಿಡುತ್ತದೆ, ಬಿಟ್ಟೊಡನೆ ವೋಲ್ಟೇಜ್ ಏರಿ ಮತ್ತೆ ಎಳೆಯುತ್ತದೆ. ಒಂದೇ ಒಂದು ಗಟ್ಟಿಯಾದ ‘ಟಕ್’ ಕೇಳಿ ಮತ್ತೇನೂ ಆಗದಿದ್ದರೆ ಸೊಲನಾಯ್ಡಿನ ತಾಮ್ರದ ಸಂಪರ್ಕಗಳು ಸುಟ್ಟಿವೆ ಅಥವಾ ಬ್ರಷ್ ಕಮ್ಯುಟೇಟರನ್ನು ಮುಟ್ಟುತ್ತಿಲ್ಲ. ಮೋಟಾರ್ ಜೋರಾಗಿ ಸುಯ್ಯೆಂದು ತಿರುಗಿ ಎಂಜಿನ್ ಮಾತ್ರ ಅಲುಗದಿದ್ದರೆ ವಿದ್ಯುತ್ತಿನ ಭಾಗದಲ್ಲಿ ದೋಷವಿಲ್ಲ, ಪಿನಿಯನ್ ರಿಂಗ್ ಗೇರನ್ನು ಸೇರುತ್ತಿಲ್ಲ.

ದೋಷ ಮೋಟಾರಿನೊಳಗೇ ಇದೆ ಎಂದು ಖಚಿತವಾದ ಮೇಲೆ ಬಿಚ್ಚುವ ಕೆಲಸ. ಮೊದಲು ಬ್ಯಾಟರಿಯ ಅರ್ಥ್ ವಯರನ್ನು, ಅಂದರೆ ಚಾಸಿಗೆ ಹೋಗುವ ವಯರನ್ನು, ತೆಗೆಯಬೇಕು. ಸ್ಟಾರ್ಟರಿಗೆ ಬರುವ ದಪ್ಪ ವಯರಿಗೆ ಸಾಮಾನ್ಯವಾಗಿ ಫ್ಯೂಸ್ ಇಲ್ಲದ್ದರಿಂದ ಸ್ಪ್ಯಾನರ್ ಜಾರಿ ಚಾಸಿಗೆ ತಾಗಿದರೆ ಕೈ ಸುಡುತ್ತದೆ. ಜೀಪಿನಲ್ಲಿ ಎರಡು ಬೋಲ್ಟ್ ತೆಗೆದರೆ ಮೋಟಾರ್ ಹೊರಗೆ ಬರುತ್ತದೆ, ಭಾರವನ್ನು ಕೆಳಗಿನಿಂದ ಆನಿಸಿಕೊಂಡರಾಯಿತು. ಬಿಚ್ಚಿದ ಮೋಟಾರಿನ ಮುಚ್ಚಳಗಳಿಗೂ ಕವಚಕ್ಕೂ ಗೀರು ಹಾಕಿ ಗುರುತು ಮಾಡಿಟ್ಟುಕೊಂಡರೆ ಮರುಜೋಡಣೆಯಲ್ಲಿ ಗೊಂದಲವಾಗುವುದಿಲ್ಲ.

ಒಳಗೆ ಮೊದಲು ಕಣ್ಣು ಹಾಯಿಸಬೇಕಾದದ್ದು ಆರ್ಮೇಚರಿನ ಕಬ್ಬಿಣದ ಮೈಯ ಮೇಲೆ. ಅಲ್ಲಿ ಹೊಳೆಯುವ ಉಜ್ಜಿದ ಗುರುತುಗಳಿದ್ದರೆ, ಮತ್ತು ಅದಕ್ಕೆ ಎದುರಾಗಿ ಫೀಲ್ಡಿನ ಕಬ್ಬಿಣದ ಮೇಲೂ ಹಾಗೆಯೇ ಇದ್ದರೆ, ಬುಶ್ ಸವೆದಿದೆ ಎಂದು ಬೇರೆ ಸಾಕ್ಷಿ ಬೇಡ. ಆರ್ಮೇಚರಿಗೂ ಫೀಲ್ಡಿಗೂ ನಡುವಿನ ಸಂದು ಅತ್ಯಂತ ಕಿರಿದು. ಎರಡು ತುದಿಯ ಕಂಚಿನ ಬುಶ್‌ಗಳು ಕೂದಲಿನಷ್ಟು ಹೆಚ್ಚು ಸಡಿಲವಾದರೂ ಫೀಲ್ಡಿನ ಸೆಳೆತಕ್ಕೆ ಆರ್ಮೇಚರ್ ಒಂದು ಬದಿಗೆ ಒರಗಿ ತನ್ನನ್ನು ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ. ಎಷ್ಟೋ ಕಡೆ ಕಾರ್ಬನ್ ಬ್ರಷ್ ಮಾತ್ರ ಹೊಸದು ಹಾಕಿ, ಕಮ್ಯುಟೇಟರ್ ಉಜ್ಜಿ, ಮೋಟಾರನ್ನು ಹಿಂತಿರುಗಿಸುವ ರೂಢಿ ಇದೆ. ಬೆಂಚಿನ ಮೇಲೆ ಅದು ಚೆನ್ನಾಗಿ ತಿರುಗುತ್ತದೆ, ಗಾಡಿಗೆ ಹಾಕಿ ಭಾರ ಬಿದ್ದಾಗ ಮತ್ತೆ ಎಳೆಯುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಸ್ಟಾರ್ಟರ್ ಬಿಚ್ಚಿದ ಮೇಲೆ ಬುಶ್ ಬದಲಿಸದೆ ಮುಚ್ಚಬಾರದು.

ಈ ಬುಶ್‌ಗಳು ಕಂಚಿನ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದವು. ಅವುಗಳ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು, ಆ ರಂಧ್ರಗಳಲ್ಲಿ ಹಿಡಿದಿಟ್ಟ ಎಣ್ಣೆಯೇ ಅವುಗಳ ಆಯುಷ್ಯ. ಹೊಸ ಬುಶ್ಶನ್ನು ಹಾಕುವ ಮೊದಲು 30ನೇ ನಂಬ್ರದ ತೆಳು ಎಂಜಿನ್ ಆಯಿಲಿನಲ್ಲಿ ಇಡೀ ಒಂದು ದಿನ ಮುಳುಗಿಸಿಡಬೇಕು. ಅವಸರವಿದ್ದರೆ ಎಣ್ಣೆಯನ್ನು 100 ಡಿಗ್ರಿಗೆ ಕಾಯಿಸಿ ಎರಡು ಗಂಟೆ ಅದರಲ್ಲಿಟ್ಟು, ಎಣ್ಣೆಯಲ್ಲೇ ತಣಿಯಲು ಬಿಡಬೇಕು. ಆಮೇಲೆ ಆರ್ಮೇಚರ್ ಶಾಫ್ಟಿನ ಅಳತೆಗೆ ತಕ್ಕಂತೆ ನಯವಾಗಿ ಕಡೆದ ಸರಳಿನ ಮೇಲೆ ಬುಶ್ ಏರಿಸಿ, ನೇರವಾಗಿ ಒತ್ತಿ ಕೂರಿಸಬೇಕು. ಕೂರಿಸಿದ ಮೇಲೆ ಬಿಗಿಯಾಯಿತೆಂದು ರೀಮರ್ ಹಾಕಿ ಕೊರೆದರೆ ಒಳಮೈಯ ರಂಧ್ರಗಳು ಮುಚ್ಚಿಹೋಗಿ ಎಣ್ಣೆ ಹೊರಬರುವುದಿಲ್ಲ. ಕಡೆದ ಸರಳು ಬೇಕೆಂದು ಹೇಳುವುದು ಇದಕ್ಕಾಗಿ.

ಬ್ರಷ್‌ಗಳಿಗೆ ಕಾರ್ಬನ್ ಎಂಬ ಹೆಸರಿದ್ದರೂ ಸ್ಟಾರ್ಟರಿನ ಬ್ರಷ್‌ನಲ್ಲಿ ತಾಮ್ರದ ಅಂಶ ಬಹಳ ಇರುತ್ತದೆ. ಕಡಿಮೆ ವೋಲ್ಟೇಜಿನಲ್ಲಿ ನೂರಾರು ಆಂಪಿಯರ್ ದಾಟಬೇಕಾದ ಜಾಗದಲ್ಲಿ ಬರಿಯ ಕಾರ್ಬನ್ ನಡೆಯದು. ಡೈನಮೋ ಅಥವಾ ಮಿಕ್ಸಿಯ ಬ್ರಷ್ಶನ್ನು ಉಜ್ಜಿ ಅಳತೆಗೆ ತಂದು ಹಾಕುವುದು ಹಾಗಾಗಿ ವ್ಯರ್ಥ. ಸವೆದು ಸುಮಾರು 8 ಮಿಲಿಮೀಟರಿಗೆ ಬಂದಿದ್ದರೆ ಬದಲಿಸಬೇಕು, ಸ್ಪ್ರಿಂಗ್ ಸುಟ್ಟು ನೀಲಿಯಾಗಿದ್ದರೆ ಅದನ್ನೂ ಬದಲಿಸಬೇಕು. ಫೀಲ್ಡ್ ಕಾಯಿಲಿಗೆ ಸೇರಿದ ಬ್ರಷ್‌ಗಳನ್ನು ಬೆಸುಗೆ ಹಾಕುವಾಗ ಒಂದು ಎಚ್ಚರಿಕೆ ಬೇಕು. ಕೆಲವು ಸ್ಟಾರ್ಟರುಗಳ ಫೀಲ್ಡ್ ಕಾಯಿಲ್ ತಾಮ್ರದ್ದಲ್ಲ, ಅಲ್ಯೂಮಿನಿಯಂ. ಅದಕ್ಕೆ ನೇರವಾಗಿ ಬೆಸುಗೆ ಕೂರುವುದಿಲ್ಲ. ಅಂಥಲ್ಲಿ ಹಳೆಯ ಬ್ರಷ್‌ನ ಜಡೆಯನ್ನು (ಹೆಣೆದ ತಾಮ್ರದ ವಯರನ್ನು) ಬುಡದಲ್ಲಿ ಸ್ವಲ್ಪ ಉಳಿಸಿ ಕತ್ತರಿಸಿ, ಉಳಿದ ತುಂಡಿಗೆ ಹೊಸ ಬ್ರಷ್ಶಿನ ಜಡೆಯನ್ನು ಬೆಸೆಯಬೇಕು.

ಕಮ್ಯುಟೇಟರ್ ಬರಿದೆ ಕಪ್ಪಾಗಿದ್ದರೆ ಪೆಟ್ರೋಲಿನಲ್ಲಿ ನೆನೆಸಿದ ಬಟ್ಟೆಯಿಂದ ಒರಸಿ, ನಯವಾದ ಗಾಜಿನ ಕಾಗದದಿಂದ ಉಜ್ಜಿದರೆ ಸಾಕು. ಎಮರಿ ಕಾಗದದ ಗಟ್ಟಿ ಕಣಗಳು ತಾಮ್ರದಲ್ಲಿ ಹೂತು ಬ್ರಷ್ಶನ್ನು ತಿನ್ನುವುದರಿಂದ ಅದು ಸಲ್ಲದು. ಗುಳಿಬಿದ್ದಿದ್ದರೆ ಲೇತಿನಲ್ಲಿ ತೆಳ್ಳಗೆ ಒಂದು ಸಲ ಕಡೆಸಬೇಕು. ಕಡೆದ ಮೇಲೆ ತಾಮ್ರದ ಪಟ್ಟಿಗಳ ನಡುವಿನ ಅಭ್ರಕವನ್ನು ಗರಗಸದ ಬ್ಲೇಡಿನಿಂದ ಕೆರೆದು ತಗ್ಗಿಸುವುದು ಡೈನಮೋಗಳಲ್ಲಿ ಸರಿಯಾದ ಕ್ರಮ. ಅದೇ ಕೈ ಅಭ್ಯಾಸದಿಂದ ಸ್ಟಾರ್ಟರಿಗೂ ಹಾಗೆ ಮಾಡುವವರಿದ್ದಾರೆ. ಬ್ರಿಟಿಷ್ ಕಂಪನಿ ಲ್ಯೂಕಾಸ್‌ನ ಹಳೆಯ ಸ್ಟಾರ್ಟರುಗಳ ಸರ್ವಿಸ್ ಸೂಚನೆ ಇದನ್ನು ಮಾಡಬಾರದೆಂದು ಸ್ಪಷ್ಟವಾಗಿ ಹೇಳುತ್ತದೆ. ತಾಮ್ರ ಹೆಚ್ಚಿರುವ ಬ್ರಷ್‌ನ ಪುಡಿ ವಿದ್ಯುತ್ತನ್ನು ಚೆನ್ನಾಗಿ ಒಯ್ಯುತ್ತದೆ. ಅದು ಆ ತಗ್ಗಿನಲ್ಲಿ ತುಂಬಿದರೆ ಪಟ್ಟಿಯಿಂದ ಪಟ್ಟಿಗೆ ಶಾರ್ಟ್ ಆಗುತ್ತದೆ.

ಆರ್ಮೇಚರಿನ ವೈಂಡಿಂಗ್ ಒಳಗೊಳಗೆ ಶಾರ್ಟ್ ಆಗಿದೆಯೇ ಎಂಬುದನ್ನು ಮೀಟರ್ ಹೇಳಲಾರದು, ಏಕೆಂದರೆ ದಪ್ಪ ತಾಮ್ರದ ಆ ಸುತ್ತುಗಳ ಅಡ್ಡಿ ಮೊದಲೇ ಸೊನ್ನೆಗೆ ಹತ್ತಿರ. ಇದಕ್ಕೆ ಬದಿಯಡ್ಕ, ಮುಳ್ಳೇರಿಯದಂಥ ಪೇಟೆಯ ವೈಂಡಿಂಗ್ ಅಂಗಡಿಗೇ ಹೋಗಬೇಕು. ಅಲ್ಲಿ ಗ್ರೌಲರ್ ಎಂಬ, ಮೇಲೆ ‘ವಿ’ ಆಕಾರದ ಕಣಿವೆಯಿರುವ ಎ.ಸಿ. ವಿದ್ಯುತ್‌ಕಾಂತದ ಮೇಲೆ ಆರ್ಮೇಚರನ್ನು ಮಲಗಿಸಿ, ಹ್ಯಾಕ್ಸಾ ಬ್ಲೇಡೊಂದನ್ನು ಉದ್ದಕ್ಕೆ ಅದರ ಮೇಲೆ ತೆಳುವಾಗಿ ಹಿಡಿದು, ಆರ್ಮೇಚರನ್ನು ಮೆಲ್ಲನೆ ತಿರುಗಿಸುತ್ತಾ ಬರುತ್ತಾರೆ. ಒಳ್ಳೆಯ ಸುತ್ತುಗಳ ಮೇಲೆ ಬ್ಲೇಡ್ ಸುಮ್ಮನಿರುತ್ತದೆ. ಶಾರ್ಟ್ ಆದ ಸುತ್ತಿನ ಮೇಲೆ ಬಂದೊಡನೆ ಬ್ಲೇಡ್ ಕೆಳಗೆ ಸೆಳೆದುಕೊಂಡು ಝರ್ರೆಂದು ನಡುಗುತ್ತದೆ. ಇನ್ನೊಂದು ಗುರುತು ಕಣ್ಣಿಗೇ ಕಾಣುತ್ತದೆ: ಬಹಳ ಹೊತ್ತು ಸೆಲ್ಫ್ ಹೊಡೆದು ಅತಿಯಾಗಿ ಕಾದ ಮೋಟಾರಿನಲ್ಲಿ ವೈಂಡಿಂಗನ್ನು ಕಮ್ಯುಟೇಟರಿಗೆ ಹಿಡಿದಿಟ್ಟ ಬೆಸುಗೆ ಕರಗಿ, ಕವಚದ ಒಳಗೋಡೆಯ ಸುತ್ತ ಬೆಳ್ಳಗೆ ಹೊಳೆಯುವ ಸಣ್ಣ ಹನಿಗಳಾಗಿ ಅಂಟಿಕೊಂಡಿರುತ್ತದೆ. ಬೆಸುಗೆ ಮಾತ್ರ ಹಾರಿದ್ದರೆ ಮತ್ತೆ ಬೆಸೆಯಬಹುದು. ಸುತ್ತುಗಳು ಸುಟ್ಟು ಕರಿಯಾಗಿದ್ದರೆ, ಅಥವಾ ಕಮ್ಯುಟೇಟರಿನ ಪಟ್ಟಿ ಎದ್ದುಬಂದಿದ್ದರೆ, ಆಗ ಮಾತ್ರ ಬೇರೆ ಆರ್ಮೇಚರಿನ ಅಥವಾ ಬೇರೆ ಮೋಟಾರಿನ ಮಾತು.

ಪಿನಿಯನ್ನನ್ನು ರಿಂಗ್ ಗೇರಿಗೆ ಸೇರಿಸುವ ವಿಧಾನ ಎರಡು ಬಗೆ. ಹಳೆಯ ಪೆಟ್ರೋಲ್ ಗಾಡಿಗಳಲ್ಲಿರುವುದು ಬೆಂಡಿಕ್ಸ್. ಅದರಲ್ಲಿ ಪಿನಿಯನ್ ಅಗಲವಾದ ಮರೆ (ಬೋಲ್ಟಿನ ಮೇಲಿರುವಂಥ ಸುರುಳಿ ಗೀರು) ಇರುವ ತೋಳಿನ ಮೇಲೆ ಸಡಿಲವಾಗಿ ಕೂತಿರುತ್ತದೆ. ಉದ್ದನೆಯ ಬೋಲ್ಟನ್ನು ಥಟ್ಟನೆ ತಿರುಗಿಸಿದಾಗ ಸಡಿಲ ನಟ್ಟು ತಾನು ತಿರುಗದೆ ಮರೆಯ ಮೇಲೆ ಮುಂದಕ್ಕೆ ಸರಿಯುವಂತೆಯೇ, ಮೋಟಾರ್ ಹಠಾತ್ತಾಗಿ ತಿರುಗಿದಾಗ ಪಿನಿಯನ್ ಮುಂದೆ ಸರಿದು ರಿಂಗ್ ಗೇರನ್ನು ಕಚ್ಚುತ್ತದೆ. ಎಂಜಿನ್ ಹಿಡಿದು ವೇಗವಾಗಿ ತಿರುಗಿದೊಡನೆ ರಿಂಗ್ ಗೇರೇ ಅದನ್ನು ಹಿಂದಕ್ಕೆ ತಳ್ಳುತ್ತದೆ. ಈ ಮರೆಗೆ ಗ್ರೀಸ್ ಹಚ್ಚುವುದು ಒಳ್ಳೆಯದೆಂಬ ಭಾವನೆ ಸಹಜವಾದರೂ ಅದು ಕೇಡು. ಚಳಿನಾಡಿನಲ್ಲಿ ಗ್ರೀಸ್ ಮೇಣದಂತೆ ಗಟ್ಟಿಯಾಗಿ ಪಿನಿಯನ್ನನ್ನು ಹಿಡಿಯುತ್ತದೆ. ನಮ್ಮಲ್ಲಿ ಕ್ಲಚ್ಚಿನ ಪುಡಿಯೂ ಕೆಂಪು ಧೂಳೂ ಅದಕ್ಕೆ ಅಂಟಿ ಅದೇ ಫಲ ಕೊಡುತ್ತವೆ. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಹೊಲಿಗೆ ಯಂತ್ರಕ್ಕೆ ಬಿಡುವಂಥ ತೆಳು ಎಣ್ಣೆಯನ್ನು ತೋರಿಕೆಗೆ ಸವರಿದರೆ ಬೇಕಾದಷ್ಟಾಯಿತು. ಡೀಸೆಲ್ ಗಾಡಿಗಳಲ್ಲಿ ಮತ್ತು ಮುಂದೆ ಬಂದವುಗಳಲ್ಲಿ ಸಾಮಾನ್ಯವಾಗಿ ಸೊಲನಾಯ್ಡ್ ಒಂದು ಫೋರ್ಕ್ ಮೂಲಕ ಪಿನಿಯನ್ನನ್ನು ಮೊದಲು ತಳ್ಳಿ, ಆಮೇಲೆ ಮೋಟಾರಿಗೆ ವಿದ್ಯುತ್ತು ಕೊಡುತ್ತದೆ. ಇದರಲ್ಲಿರುವ ಒಂದೇ ದಿಕ್ಕಿಗೆ ಹಿಡಿಯುವ ರೋಲರ್ ಕ್ಲಚ್ಚನ್ನು ಪೆಟ್ರೋಲ್ ಅಥವಾ ಸೀಮೆಎಣ್ಣೆಯಲ್ಲಿ ಮುಳುಗಿಸಿ ತೊಳೆಯಬಾರದು, ಒಳಗೆ ಮುಚ್ಚಿಟ್ಟ ಗ್ರೀಸ್ ಹೊರಟುಹೋಗುತ್ತದೆ.

ಜೋಡಿಸಿದ ಮೋಟಾರನ್ನು ಪರೀಕ್ಷಿಸುವಾಗ ವೈಸಿನಲ್ಲಿ ಬಿಗಿದೇ ಪರೀಕ್ಷಿಸಬೇಕು. ಸೀರೀಸ್ ಮೋಟಾರಿಗೆ ಭಾರವಿಲ್ಲದಿದ್ದರೆ ವೇಗಕ್ಕೆ ಮಿತಿಯಿಲ್ಲ, ಬಹಳ ಹೊತ್ತು ಹಾಗೆ ಓಡಿಸಿದರೆ ಆರ್ಮೇಚರಿನ ಸುತ್ತುಗಳು ಹೊರಕ್ಕೆ ಚಿಮ್ಮುವ ಅಪಾಯವಿದೆ. ಕೆಲವೇ ಸೆಕೆಂಡು ಓಡಿಸಿ, ಸದ್ದು ಒಂದೇ ಸಮನಾಗಿದೆಯೇ, ಬ್ರಷ್‌ಗಳ ಬಳಿ ಕಿಡಿ ಅತಿಯಾಗಿದೆಯೇ ಎಂದು ನೋಡಿ ನಿಲ್ಲಿಸಬೇಕು. ಗಾಡಿಗೆ ಕೂರಿಸುವ ಮೊದಲು ಮೋಟಾರ್ ಕೂರುವ ಜಾಗದ ಬಣ್ಣ, ತುಕ್ಕುಗಳನ್ನು ಕೆರೆದು ಬರಿ ಲೋಹ ಕಾಣುವಂತೆ ಮಾಡಬೇಕು. ಅರ್ಥ್ ಆಗುವುದು ಅಲ್ಲಿಯೇ. ಹೊಸ ಬಣ್ಣ ಬಳಿದ ಮೋಟಾರ್ ಹೀಗೊಂದು ಕಾರಣಕ್ಕೆ ತಿರುಗದಿರುವುದುಂಟು.

ಬದಲಿಸಲೇಬೇಕಾದಾಗ ಮೋಟಾರಿನ ಹೊರ ಆಕಾರ ಒಂದೇ ರೀತಿ ಇದೆ ಎಂಬುದು ಸಾಲದು. ವೋಲ್ಟೇಜ್, ತಿರುಗುವ ದಿಕ್ಕು, ಬೋಲ್ಟುಗಳ ಅಂತರ, ಪಿನಿಯನ್ನಿನ ಹಲ್ಲುಗಳ ಸಂಖ್ಯೆ ಮತ್ತು ದಪ್ಪ ಎಲ್ಲವೂ ಹೊಂದಬೇಕು. ಯುದ್ಧಕಾಲದ ವಿಲ್ಲಿಸ್ ಜೀಪಿನ ಫ್ಲೈವೀಲಿಗೆ 97 ಹಲ್ಲು, ಮುಂದಿನ ವಿಲ್ಲಿಸ್ ಎಂಜಿನ್ನುಗಳಲ್ಲಿ 129 ಹಲ್ಲಿನದ್ದೂ ಇದೆ. ಒಂದರ ಸ್ಟಾರ್ಟರ್ ಇನ್ನೊಂದಕ್ಕೆ ಬೋಲ್ಟ್ ಆಗಿ ಕೂತರೂ ಹಲ್ಲುಗಳು ಕೂಡುವುದಿಲ್ಲ. ಈಗ ಸಿಗುವ ಗೇರ್ ರಿಡಕ್ಷನ್ ಸ್ಟಾರ್ಟರುಗಳು ಹಗುರ, ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಬಲ ಕೊಡುತ್ತವೆ ಎಂಬುದು ನಿಜ. ಅವುಗಳಲ್ಲಿ ಅನೇಕವು ಫೀಲ್ಡ್ ಕಾಯಿಲಿನ ಬದಲು ಶಾಶ್ವತ ಅಯಸ್ಕಾಂತ ಬಳಸುತ್ತವೆ. ಬ್ಯಾಟರಿಯ ವಯರು ಅದಲುಬದಲಾದರೂ ಹಳೆಯ ಸೀರೀಸ್ ಮೋಟಾರ್ ಅದೇ ದಿಕ್ಕಿಗೆ ತಿರುಗುತ್ತದೆ, ಫೀಲ್ಡ್ ಮತ್ತು ಆರ್ಮೇಚರ್ ಎರಡರಲ್ಲೂ ವಿದ್ಯುತ್ತು ಒಟ್ಟಿಗೆ ತಿರುವುಮುರುವಾಗುವುದರಿಂದ. ಅಯಸ್ಕಾಂತದ ಮೋಟಾರ್ ಹಾಗಲ್ಲ, ಅದು ಉಲ್ಟಾ ತಿರುಗುತ್ತದೆ. ಪಾಸಿಟಿವ್ ಅರ್ಥ್ ಇರುವ ಹಳೆಯ ಬ್ರಿಟಿಷ್ ಟ್ರ್ಯಾಕ್ಟರುಗಳಿಗೆ ಇದನ್ನು ಯೋಚಿಸಿಯೇ ಹಾಕಬೇಕು.

ಮೋಟಾರ್ ಕಳಚಿದಾಗ ಆ ಕಿಂಡಿಯಿಂದ ಟಾರ್ಚ್ ಹಾಕಿ, ಎಂಜಿನ್ನನ್ನು ಕೈಯಲ್ಲಿ ತಿರುಗಿಸುತ್ತಾ ರಿಂಗ್ ಗೇರನ್ನು ಇಡೀ ಸುತ್ತು ನೋಡಬೇಕು. ನಾಲ್ಕು ಸಿಲಿಂಡರಿನ ಎಂಜಿನ್ ಆಫ್ ಮಾಡಿದಾಗ ಕಂಪ್ರೆಷನ್ನಿನ ತಡೆಯಿಂದಾಗಿ ಹೆಚ್ಚಾಗಿ ಎದುರುಬದುರಿನ ಎರಡೇ ಜಾಗಗಳಲ್ಲಿ ನಿಲ್ಲುತ್ತದೆ, ಹಾಗಾಗಿ ಪಿನಿಯನ್ ಪ್ರತಿಸಲವೂ ಬಡಿಯುವುದು ಆ ಎರಡು ಕಡೆಯ ಹಲ್ಲುಗಳಿಗೇ. ಅಲ್ಲಿ ಮಾತ್ರ ಸವೆದಿದ್ದರೆ ಹೊಸ ರಿಂಗ್ ಕೊಳ್ಳುವ ಅಗತ್ಯವಿಲ್ಲ. ಮುಂದೆ ಕ್ಲಚ್ ಕೆಲಸಕ್ಕೆ ಫ್ಲೈವೀಲ್ ಹೊರಗೆ ಬಂದಾಗ ರಿಂಗನ್ನು ಕಾಯಿಸಿ ಬಿಡಿಸಿ, ಕಾಲು ಸುತ್ತು ತಿರುಗಿಸಿ ಕೂರಿಸಿದರೆ ಸವೆಯದ ಹಲ್ಲುಗಳು ಆ ಜಾಗಕ್ಕೆ ಬರುತ್ತವೆ.

ಮಳೆಗಾಲಕ್ಕೆ ಮುಂಚೆ, ಮೇ ಕೊನೆಯಲ್ಲಿ, ಬ್ಯಾಟರಿ ಟರ್ಮಿನಲ್, ಸ್ಟಾರ್ಟರಿನ ಬೋಲ್ಟ್, ಅರ್ಥ್ ಪಟ್ಟಿಯ ಎರಡು ತುದಿಗಳನ್ನು ಬಿಚ್ಚಿ ಉಜ್ಜಿ, ಬಿಗಿದ ಮೇಲೆ ವ್ಯಾಸಲೀನ್ ಹಚ್ಚಿಟ್ಟರೆ ತುಳುವರ ಆಟಿ ತಿಂಗಳ ಮಳೆಯನ್ನೂ ತಡೆದುಕೊಳ್ಳುತ್ತವೆ. ತೋಟದಿಂದ ಕೆಸರು ಮೆತ್ತಿಕೊಂಡು ಬಂದ ಜೀಪನ್ನು ತೊಳೆಯುವಾಗ ಪಂಪಿನ ನೀರನ್ನು ಸ್ಟಾರ್ಟರಿನ ಕಡೆಗೆ ನೇರವಾಗಿ ಹೊಡೆಯಬಾರದು. ಬ್ರಷ್ಶಿನ ಕಿಟಕಿಯ ಪಟ್ಟಿ ಸಡಿಲವಿದ್ದರೆ ನೀರು ಒಳಗೆ ನಿಂತು ಬುಶ್ ಮತ್ತು ಬೆಂಡಿಕ್ಸ್ ಎರಡಕ್ಕೂ ತುಕ್ಕು ಹಿಡಿಯುತ್ತದೆ. ತೊಳೆದ ದಿನವೇ ಎಂಜಿನ್ನನ್ನು ಸ್ಟಾರ್ಟ್ ಮಾಡಿ ಕಾಲು ಗಂಟೆ ಓಡಿಸಿಟ್ಟರೆ ಅದರ ಬಿಸಿಗೆ ಒಳಗಿನ ತೇವ ಆರುತ್ತದೆ.